ಒರೆಸಿದ ಬೋರ್ಡಿಗೆ ಉಳಿದ ಮರುಮಾತು

ನನ್ನ ಮೈದುನ ಜಡೆಪ್ಪ ಮೂವತ್ತನಾಲ್ಕು ವರ್ಷ ಕಂಪ್ಲಿ ಕಡೆಯ ಕಾಲುವೆ ಮೇಲೆ ಗ್ಯಾಂಗ್‌ಮನ್ ಆಗಿದ್ದ. ಏರಿ ಮೇಲೆ ನಡೆಯುವುದು, ತೂಬು ಎತ್ತುವುದು ಇಳಿಸುವುದು, ಒಡೆದಲ್ಲಿ ಮಣ್ಣು ಹಾಕುವುದು ಅವನ ಕೆಲಸ. ಅದನ್ನು ಈಗ ಯಾರೂ ನೆನಪಿಟ್ಟಿಲ್ಲ. ಬೋರ್ಡು ಒರೆಸುವ ಜಡೆಪ್ಪ ಎಂದರೆ ಎಲ್ಲರಿಗೂ ಗೊತ್ತು.

ಕಾಲುವೆ ಆಫೀಸಿನ ಮುಂದಿನ ಬೇವಿನ ಮರಕ್ಕೆ ಒಂದು ಕರಿ ಬೋರ್ಡು ಆನಿಸಿಟ್ಟಿದ್ದರು. ಬೆಳಿಗ್ಗೆ ಏಳಕ್ಕೆ ತುಂಗಭದ್ರಾ ಡ್ಯಾಮಿನಿಂದ ಫೋನು ಬರುತ್ತಿತ್ತು. ಡ್ಯಾಮಿನಲ್ಲಿ ನೀರು ಎಷ್ಟಿದೆ, ಕಾಲುವೆಗೆ ಎಷ್ಟು ಬಿಟ್ಟಿದ್ದಾರೆ, ಎರಡೇ ಅಂಕಿ. ಜಡೆಪ್ಪ ಹಸಿ ಬಟ್ಟೆಯಿಂದ ಬೋರ್ಡನ್ನು ಎಡದಿಂದ ಬಲಕ್ಕೆ ಒರೆಸಿ, ಒಣಗುವ ತನಕ ಕಾದು, ಆಮೇಲೆ ಸೀಮೆಸುಣ್ಣ ಹಿಡಿಯುತ್ತಿದ್ದ. ಮೇಲೆ ಅಂಕಿ ಬರೆದು, ಕೆಳಗೆ ತನ್ನದೊಂದು ಸಾಲು ಸೇರಿಸುತ್ತಿದ್ದ. ಆ ಸಾಲು ಬರೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. "ಮೂರನೇ ತೂಬಿನ ಹತ್ತಿರ ಏಡಿ ಕೊರೆದಿದೆ, ಎತ್ತು ಇಳಿಸಬೇಡಿ." "ನೀರು ಕೆಂಪಾಗಿದೆ, ಮೇಲೆ ಎಲ್ಲೋ ಮಳೆ. ಬಟ್ಟೆ ನಾಳೆ ಒಗೆಯಿರಿ." ಜನ ಅಂಕಿ ಬಿಟ್ಟು ಮೊದಲು ಆ ಸಾಲನ್ನೇ ಓದುತ್ತಿದ್ದರು.

ತಾರೀಖು ಮಾತ್ರ ಬರೆಯುತ್ತಿರಲಿಲ್ಲ. ಬೋರ್ಡಿನ ಮೇಲೆ ಇರುವುದು ಇವತ್ತಿನದು, ಅದಕ್ಕೆ ತಾರೀಖು ಯಾಕೆ ಎನ್ನುತ್ತಿದ್ದ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವನಿಗೆ ಜ್ವರ ಬಂದು ಒಂದು ದಿನ ಹೋಗಲಿಲ್ಲ. ಹಿಂದಿನ ದಿನದ್ದು ಬೋರ್ಡಿನ ಮೇಲೆ ಹಾಗೇ ಉಳಿಯಿತು. ಅದನ್ನು ನೋಡಿ ಕೊನೇ ತೂಬಿನ ಕೆಳಗೆ ಗದ್ದೆಯಿದ್ದ ಎಲ್ಲಮ್ಮ ಆಳು ಕರೆದು ನೆಲ್ಲಿನ ಸಸಿ ಹಚ್ಚಿಸಿಬಿಟ್ಟಳು. ಅವತ್ತು ಬೆಳಿಗ್ಗೆಯೇ ಕಾಲುವೆ ನಿಲ್ಲಿಸಿದ್ದರು. ಐದು ದಿನ ನೀರು ಬರಲಿಲ್ಲ, ಸಸಿ ಸುಟ್ಟುಹೋಯಿತು. ಎಲ್ಲಮ್ಮ ಬೈಯಲಿಲ್ಲ. ಒಣಗಿದ ಒಂದು ಹಿಡಿ ಸಸಿ ತಂದು ಬೋರ್ಡಿನ ಕೆಳಗೆ ಇಟ್ಟು ಹೋದಳು. ಅಲ್ಲಿಂದ ಈಚೆಗೆ ಜಡೆಪ್ಪ ನಿನ್ನೆಯ ಮಾತನ್ನು ಇವತ್ತಿಗೆ ಬಿಟ್ಟದ್ದು ನಾನು ನೋಡಿಲ್ಲ.

ಕಾಲುವೆ ಜನರಲ್ಲಿ ಇನ್ನೊಂದು ಪದ್ಧತಿ ಇತ್ತು. ಅದಕ್ಕೆ ಮರುಮಾತು ಎನ್ನುತ್ತಿದ್ದರು. ಒಂದು ತೂಬಿನವನು ಫೋನಿನಲ್ಲಿ ಹೇಳಿದ್ದನ್ನು ಮುಂದಿನ ತೂಬಿನವನು ಹಾಗೇ ತಿರುಗಿ ಹೇಳಬೇಕು. ಯಾರಿಂದ ಕೇಳಿದೆ, ಎಷ್ಟು ಹೊತ್ತಿಗೆ, ಏನು ಮಾತು, ಕೇಳಿದವನು ಯಾರು, ನಾಲ್ಕೂ ಹೇಳಬೇಕು. ಹೇಳಿದವನು "ಸರಿ" ಅಂದರೆ ಮಾತು ಮುಟ್ಟಿತು ಎಂದು ಅರ್ಥ. ಮರುಮಾತು ಬಾರದಿದ್ದರೆ ತೂಬು ಮುಟ್ಟುವಂತಿಲ್ಲ. ಜಡೆಪ್ಪನ ಮಾತಿಗೆ ಮರುಮಾತು ಹೇಳುತ್ತಿದ್ದವನು ಕೊನೇ ತೂಬಿನ ಅಂಜಿನೇಯ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಂದೇ ವರ್ಷ ನಿವೃತ್ತಿಯಾದರು.

ಜಡೆಪ್ಪ ನಿವೃತ್ತಿಯಾದ ಮೇಲೆ ಆಫೀಸಿನ ಮುಂದಿನ ಬೋರ್ಡು ಇಲ್ಲವಾಯಿತು. ಜನ ಕೇಳಿಕೊಂಡು ನಮ್ಮ ಮನೆಗೇ ಬರತೊಡಗಿದರು. ಆಗ ನನ್ನ ಮಗಳು ಸುಕನ್ಯಾ ಕುರೆಕುಪ್ಪದ ಗಂಡನ ಮನೆಯಿಂದ ಬಂದಿದ್ದಳು. ಕಕ್ಕನ ಫೋನಿನಲ್ಲಿ ಫೇಸ್‌ಬುಕ್ ಹಾಕಿ, "ಕಾಲುವೆ ಬೋರ್ಡು" ಎಂದು ಒಂದು ಪೇಜು ತೆರೆದು ಕೊಟ್ಟಳು. ಬರೆಯುವುದು ಕಲಿಸಿದಳು. ಅವನು ಮೊದಲು ಕೇಳಿದ್ದು ಒಂದೇ ಮಾತು.

"ಒರೆಸೋದು ಹೆಂಗ?"

ಅವಳು ಅದನ್ನೂ ಕಲಿಸಿದಳು. ಅವತ್ತಿನಿಂದ ದಿನಾ ಬೆಳಿಗ್ಗೆ ಸೈಕಲ್ಲಿನ ಮೇಲೆ ಕಾಲುವೆ ಏರಿ ಸುತ್ತಿ, ಆಫೀಸಿನಲ್ಲಿ ಅಂಕಿ ಕೇಳಿಕೊಂಡು ಬಂದು, ನಿನ್ನೆಯ ಪೋಸ್ಟನ್ನು ಅಳಿಸಿ, ಇವತ್ತಿನದನ್ನು ಹಾಕುವನು. ಹಾಕುವ ಮೊದಲು ಅದನ್ನು ಅವನ ಅಣ್ಣನಿಗೆ ಓದಿ ಹೇಳುವನು. ಅವನ ಅಣ್ಣ ಎಂದರೆ ನನ್ನ ಯಜಮಾನರು, ಭರಮಣ್ಣ. ಲಕ್ವ ಹೊಡೆದು ಮೂರು ವರ್ಷ ಹೊರಸಿನ ಮೇಲಿದ್ದರು. ಬಾಯಿ ಸೊಟ್ಟ ಆಗಿದ್ದರೂ ಮರುಮಾತು ಬಿಡದೆ ಹೇಳುತ್ತಿದ್ದರು. ದಿನಕ್ಕೆ ಅದೊಂದು ಕೆಲಸ ಅವರಿಗೆ ಇತ್ತು.

ಈ ವರ್ಷ ಯುಗಾದಿ ಮುಗಿದ ಎಂಟು ದಿನಕ್ಕೆ ಹೊಸಪೇಟೆ ಬಸ್ಸಿನಿಂದ ಇಳಿದ ಒಬ್ಬ ಹುಡುಗಿ ನಮ್ಮ ಬಾಗಿಲಿಗೆ ಬಂದು ನಿಂತಳು. ಹೆಗಲಿಗೆ ಭಾರದ ಚೀಲ. ಜಡೆಪ್ಪ ಅಂಗಳದಲ್ಲಿ ಸೈಕಲ್ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದ.

"ಕಾಲುವೆ ಬೋರ್ಡಿನ ಮನಿ ಇದೇನ್ರಿ?"

"ಬೋರ್ಡು ಇಲ್ಲವ್ವ, ಬೋರ್ಡಿನ ಮನುಷ್ಯಾ ಅದಾನ. ಬಾ, ಕುಂದ್ರು. ಅತ್ಗಿ, ನೀರು ಕೊಡು."

ಅವಳ ಹೆಸರು ಗಾಯತ್ರಿ. ಪಿಎಚ್‌ಡಿ ಮಾಡುತ್ತಿದ್ದಳು. ಕಾಲುವೆ ಕೆಳಗಿನ ಜನ ನೀರಿನ ಪಾಳಿಗೆ ತಕ್ಕಂತೆ ಹೇಗೆ ಬದುಕುತ್ತಾರೆ, ಮದುವೆ ಸಾವು ಹಬ್ಬ ಹೇಗೆ ಮಾಡುತ್ತಾರೆ ಎಂಬುದು ಅವಳು ಬರೆಯುವ ವಿಷಯ.

"ಎರಡು ವರ್ಷದ ಹಿಂದ ಮಳಿಗಾಲದಾಗ ದಿನಾ ನಿಮ್ಮ ಬೋರ್ಡು ಓದಿನ್ರಿ ಕಾಕಾ. ಫೋನು ಟಣ್ ಅಂತಿದ್ದಂಗ ತೆಗೆದು, ಕಾರ್ಡಿನ ಮ್ಯಾಲ ಬರಕೊಂತಿದ್ದೆ. ನಿಮ್ಮ ಮಾತು ನನ್ನ ಬರಹದಾಗ ನಲವತ್ತೊಂದು ಕಡೆ ಅದಾವು."

"ನಲವತ್ತೊಂದಾ? ಅತ್ಗಿ, ಕೇಳಿದೇನು? ಈ ಮನ್ಯಾಗ ನನ್ನ ಒಂದು ಮಾತಿಗೂ ಬೆಲಿ ಇಲ್ಲ."

"ಒರೆಸಿಬಿಡೋ ಮಾತಿಗೆ ಏನು ಬೆಲಿ ಕಟ್ಟಲಿ?" ಎಂದೆ ನಾನು.

ತಮಾಷೆಗೆ ಅಂದದ್ದು. ಆ ಹುಡುಗಿಯ ಮುಖ ಬಾಡಿತು. ಅವಳು ಚೀಲದಿಂದ ಬರಹದ ಕಟ್ಟು ತೆಗೆದು ತೋರಿಸಿದಳು. ಹಾಳೆಯ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಸಣ್ಣಕ್ಷರ.

"ಯಾರ ಮಾತು ತಗೊಂಡ್ರೂ ಇಲ್ಲಿ ಬರೀಬೇಕ್ರಿ. ಬರೆದೋರು ಯಾರು, ಎಲ್ಲಿ ಬರೆದ್ರು, ಯಾವತ್ತು, ನಾ ಯಾವತ್ತು ನೋಡಿದೆ. ಫೇಸ್‌ಬುಕ್ಕಿನಾಗ ಇದ್ದದ್ದಾದ್ರ ಅದರ ಲಿಂಕು ಹಾಕ್ಬೇಕು. ಪರೀಕ್ಷಾ ಮಾಡೋರು ಅದನ್ನ ಒತ್ತಿ ನೋಡ್ತಾರ."

"ನೋಡ್ಲಿ."

"ನಮ್ಮ ಕೊಟ್ರಯ್ಯ ಮೇಷ್ಟ್ರು ಮೊನ್ನೆ ಒತ್ತಿ ನೋಡಿದ್ರು. ನಲವತ್ತೊಂದೂ ಒತ್ತಿದ್ರು. ಒಂದೂ ಇಲ್ಲ. ಈ ಬರಹ ಸಿಗುವುದಿಲ್ಲ ಅಂತ ಬರ್ತೈತಿ."

ಕೊಟ್ರಯ್ಯನವರು ಅವಳಿಗೆ ದಾರಿ ತೋರಿಸುವ ಮೇಷ್ಟ್ರು. ಕೆಟ್ಟವರಲ್ಲ. ಅವರು ಹೇಳಿದ್ದನ್ನು ಅವಳು ಹಾಗೇ ಹೇಳಿದಳು. "ಗಾಯತ್ರಿ, ನಾ ನಿನ್ನ ನಂಬ್ತೀನಿ. ಪರೀಕ್ಷಾ ಮಾಡೋರು ನಿನ್ನೂ ನಂಬಂಗಿಲ್ಲ, ನನ್ನೂ ನಂಬಂಗಿಲ್ಲ. ಇಲ್ಲದ ಮಾತು ಹುಟ್ಟಿಸ್ಯಾಳ ಅಂತಾರ. ಇಪ್ಪತ್ತು ದಿನದಾಗ ಆಧಾರ ತೋರಸು, ಇಲ್ಲಾಂದ್ರ ಆ ಅಧ್ಯಾಯ ತಗದುಬಿಡು." ಅದನ್ನು ತೆಗೆದರೆ ಮೂರು ವರ್ಷದ ಕೆಲಸದಲ್ಲಿ ಉಳಿಯುವುದು ಬಹಳ ಕಡಿಮೆ. ಅದಕ್ಕಿಂತ ಹೆಚ್ಚಾಗಿ ಸುಳ್ಳು ಹೇಳಿದಳು ಎಂಬ ಮಾತು ಹಿಂದೆ ಬರುತ್ತದೆ. ಅವಳ ಅಂಜಿಕೆ ಅದೇ.

"ಅದ್ರಾಗ ಒಂದು ಸಾಲಿನ ಮ್ಯಾಲ ಭಾಳ ಅನುಮಾನ ಅವ್ರಿಗೆ. ಇಂಥಾ ಮಾತು ಯಾರರ ಫೇಸ್‌ಬುಕ್ಕಿನಾಗ ಬರೀತಾರೇನು, ಇದು ಕಥಿ ಇದ್ದಂಗೈತಿ ಅಂದ್ರು. ನನ್ನ ಅಧ್ಯಾಯ ಸುರು ಆಗೋದ ಆ ಸಾಲಿನಿಂದ."

ಆ ಸಾಲನ್ನು ಅವಳು ಓದಿದಳು. "ಅಣ್ಣ ಹೋದ. ನೀರು ನಿನ್ನೆಯಷ್ಟೇ ಇದೆ. ಪಾಳಿ ಇದ್ದವರು ಹೊಲಕ್ಕೆ ಹೋಗಿ, ಮಣ್ಣಿಗೆ ಬರಬೇಡಿ."

ನಾನು ಒಳಗೆ ಹೋಗಿ ಮಂಡಕ್ಕಿ ನೆನೆಸಿದೆ.

"ನಾನ ಒರೆಸೀನಿ, ತಂಗಿ," ಎಂದ ಜಡೆಪ್ಪ. "ದಿನಾ ಒರೆಸ್ತೀನಿ. ಹಳೇದು ಉಳಿದ್ರ ಅದನ್ನ ನೋಡಿ ಯಾರರ ಸಸಿ ಹಚ್ಚಿಬಿಟ್ರ? ನಿನ್ನಂಥಾಕಿ ಒಬ್ಬಾಕಿ ಎಲ್ಲೋ ಕುಂತು ಬರಕೊಳ್ಳಾಕತ್ತಾಳ ಅಂತ ನನಗೆಂಗ ಗೊತ್ತಾಗಬೇಕು?"

"ನಿಮ್ಮ ತಪ್ಪಲ್ರಿ ಕಾಕಾ."

"ಆ ನಲವತ್ತೊಂದೂ ಓದು. ಇವತ್ತ ಮತ್ತ ಹಾಕ್ತೀನಿ."

"ಇವತ್ತು ಹಾಕಿದ್ರ ಇವತ್ತಿನ ತಾರೀಖು ಬೀಳ್ತೈತ್ರಿ."

"ಹೌದಲ್ಲ," ಎಂದ. "ಜನಾನೂ ಇವತ್ತಿಂದ ಅಂದ್ಕೋತಾರ. ಬ್ಯಾಡ ಬ್ಯಾಡ."

"ಇವೆಲ್ಲಾ ನನ್ನ ಮಾತು ಅಂತ ಒಂದು ಕಾಗದದ ಮ್ಯಾಲ ಸಹಿ ಮಾಡಿಕೊಟ್ರೂ ಸ್ವಲ್ಪ ಆಸರ ಆಗ್ತೈತ್ರಿ."

ಅವಳು ಒಂದೊಂದೇ ಕಾರ್ಡು ಓದಿದಳು. ಅವನು ಕಣ್ಣು ಮುಚ್ಚಿ ಕೇಳಿದ. ಏಳು ಸಾಲಿಗೆ ಹೌದು ಎಂದ. ಉಳಿದ ಮೂವತ್ತನಾಲ್ಕಕ್ಕೆ ಇಲ್ಲವೆಂದು ತಲೆಯಾಡಿಸಿದ. "ನಾನ ಬರದದ್ದಿರಬೇಕು. ಆದ್ರ ನೆನಪಿಲ್ಲ. ಒರೆಸಿದ್ಮ್ಯಾಲ ತಲಿಯಾಗೂ ಇಟ್ಟುಕೊಳ್ಳಂಗಿಲ್ಲ ನಾನು. ನೆನಪಿಲ್ಲದ್ದಕ್ಕ ಸಹಿ ಹಾಕಂಗಿಲ್ಲ, ತಂಗಿ. ಹಾಕಿದ್ರ ಅದೂ ಸುಳ್ಳ ಅಕ್ಕೈತಿ."

ಹುಡುಗಿ ಒತ್ತಾಯ ಮಾಡಲಿಲ್ಲ. ಕಾರ್ಡುಗಳನ್ನು ಜೋಡಿಸಿ ರಬ್ಬರ್ ಹಾಕಿದಳು. ಜಡೆಪ್ಪ ಟ್ಯೂಬನ್ನು ನೀರಲ್ಲಿ ಅದ್ದಿ ಹಿಡಿದಿದ್ದ. ತೇಪೆ ಹಚ್ಚಿದ ಜಾಗದಿಂದ ಗುಳ್ಳೆ ಏಳುತ್ತಿತ್ತು, ಅವನು ನೋಡುತ್ತಿರಲಿಲ್ಲ. ನಾನು ಒಗ್ಗರಣೆ ಮಂಡಕ್ಕಿಯ ತಟ್ಟೆ ತಂದು ಇಟ್ಟೆ. ಹಸಿವಾಗಿದ್ದರೂ ಅವಳು ಮುಟ್ಟಲಿಲ್ಲ.

"ಜಡೆಪ್ಪ, ನೀ ಒರೆಸಿದಿ, ಸರಿ. ಅಂಜಿನೇಯ ದಿನಾ ಮರುಮಾತು ಹಾಕ್ತಾನಲ್ಲ, ಅಂವನೂ ಒರೆಸ್ತಾನೇನು?" ಎಂದೆ.

ಜಡೆಪ್ಪ ನನ್ನ ಮುಖ ನೋಡಿದ.

"ಅಂವ ಯಾಕ ಒರೆಸ್ತಾನ? ಮರುಮಾತು ಒರೆಸೋ ಪದ್ಧತಿ ಇಲ್ಲ."

ಗಾಯತ್ರಿಗೆ ತಿಳಿಯಲಿಲ್ಲ. ಜಡೆಪ್ಪ ತಿಳಿಸಿ ಹೇಳಿದ. ಅಂಜಿನೇಯನೂ ಫೇಸ್‌ಬುಕ್ ಇಟ್ಟುಕೊಂಡಿದ್ದ. ದಿನಾ ಜಡೆಪ್ಪನ ಬೋರ್ಡು ಓದಿ, ಹಳೇ ಪದ್ಧತಿಯಂತೆ ಮರುಮಾತನ್ನು ತನ್ನ ಹೆಸರಿನಲ್ಲಿ ಹಾಕುತ್ತಿದ್ದ. ಹಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮರುಮಾತು ಹೇಳದೆ ಅವನಿಗೆ ಚಹಾ ಇಳಿಯುವುದಿಲ್ಲ ಅಷ್ಟೇ.

ಅವಳು ಫೋನು ತೆಗೆದು ಹುಡುಕಿದಳು. ಅಂಜಿನೇಯ ಮುಖದ ಬದಲು ತನ್ನ ಎಮ್ಮೆಯ ಫೋಟೋ ಹಾಕಿಕೊಂಡಿದ್ದ. ಅವಳು ಬೆರಳಿನಿಂದ ಕೆಳಗೆ ಕೆಳಗೆ ಸರಿಸಿ, ಎರಡು ವರ್ಷದ ಹಿಂದಿನ ಆಗಸ್ಟಿಗೆ ಹೋದಳು. ಆಮೇಲೆ ಜೋರಾಗಿ ಓದಿದಳು.

"ಜಡೆಪ್ಪನಿಂದ, ಏಳು ಹತ್ತಕ್ಕೆ. ಮೂರನೇ ತೂಬಿನ ಹತ್ತಿರ ಏಡಿ ಕೊರೆದಿದೆ, ಎತ್ತು ಇಳಿಸಬೇಡಿ. ಕೇಳಿದವನು ಅಂಜಿನೇಯ, ಕೊನೇ ತೂಬು."

ಅದರ ಕೆಳಗೆ ಜಡೆಪ್ಪನ ಹೆಸರಿನಲ್ಲಿ ಒಂದೇ ಪದ. "ಸರಿ."

"ಕಾಕಾ, ನಿಮ್ಮ 'ಸರಿ' ಇಲ್ಲೇ ಐತ್ರಿ!"

"ಇದ್ದ ಇರ್ತೈತಿ. 'ಸರಿ' ಯಾಕ ಒರೆಸಲಿ?"

"ಯಾರಿಂದ, ಯಾವಾಗ, ಏನು, ಯಾರು ಕೇಳಿದ್ರು, ಎಲ್ಲಾ ಐತಿ. ನಮಗ ಮೇಷ್ಟ್ರು ಇದನ್ನ ಕಲಸಾಕ ಒಂದು ವರ್ಷ ತಗೊಂಡ್ರು." ನಗುತ್ತಲೇ ಕಣ್ಣು ಒರೆಸಿಕೊಂಡು ಮಂಡಕ್ಕಿ ತಟ್ಟೆ ಎಳೆದುಕೊಂಡಳು.

ಮಧ್ಯಾಹ್ನದ ತನಕ ಕೂತು ತಾಳೆ ನೋಡಿದೆವು. ಅವಳು ಫೋನಿನಲ್ಲಿದ್ದದ್ದನ್ನು ಓದುವುದು, ನಾನು ಕಾರ್ಡಿನ ಮೇಲೆ ಬೆರಳಿಟ್ಟು ಅಕ್ಷರ ನೋಡುವುದು. ನಾನು ಓದುವುದು ನಿಧಾನ, ಅದಕ್ಕೇ ಒಂದು ಅಕ್ಷರವನ್ನೂ ಹಾರಿಸುವುದಿಲ್ಲ. ಎರಡು ಕಡೆ ನಿಲ್ಲಿಸಿದೆ. ಒಂದರಲ್ಲಿ ಅವಳು "ಸಂಜೆಗೆ ಇಳಿಸಿ" ಎಂದು ಬರೆದುಕೊಂಡಿದ್ದಳು. ಅಂಜಿನೇಯನದರಲ್ಲಿ "ಸಂಜೆಗೆ ಇಳಿಯುತ್ತದೆ" ಎಂದಿತ್ತು.

"ಭಾಳ ಫರಕ್ ಐತವ್ವ," ಎಂದ ಜಡೆಪ್ಪ. "ಇಳಿಸಿ ಅಂದ್ರ ತೂಬು ಮುಟ್ಟು ಅಂತ. ಇಳೀತೈತಿ ಅಂದ್ರ ಮುಟ್ಟಬ್ಯಾಡ, ಸುಮ್ನ ಕುಂದ್ರು ಅಂತ." ಅವಳು ಕಾರ್ಡನ್ನು ತಿದ್ದಿದಳು. ಇನ್ನೊಂದರಲ್ಲಿ ತೂಬಿನ ನಂಬರು ತಪ್ಪಾಗಿತ್ತು, ಅದನ್ನೂ ತಿದ್ದಿದಳು.

ನಲವತ್ತು ಸಿಕ್ಕವು. ಒಂದು ಸಿಗಲಿಲ್ಲ. ಆಗಸ್ಟ್ ಹನ್ನೆರಡರದು ಇತ್ತು, ಹದಿನಾಲ್ಕರದು ಇತ್ತು. ಹದಿಮೂರರದು ಇರಲಿಲ್ಲ. ಮೇಷ್ಟ್ರು ಕಥೆ ಎಂದಿದ್ದ ಸಾಲು ಅದೇ.

ಜಡೆಪ್ಪ ಅಂಜಿನೇಯನಿಗೆ ಫೋನು ಹಚ್ಚಿದ. ಅಂಜಿನೇಯನ ದನಿ ಅಂಗಳಕ್ಕೆಲ್ಲ ಕೇಳುತ್ತಿತ್ತು.

"ಲೇ ಅಂಜಿ, ಅಣ್ಣ ಹೋದ ದಿನ ನೀ ಮರುಮಾತು ಯಾಕ ಹಾಕಿಲ್ಲ?"

"ಅವತ್ತು ನಾ ಎಲ್ಲಿದ್ದೆಲೇ? ನಿಮ್ಮನಿ ಮುಂದ ಬಿದಿರು ಕಡ್ಯಾಕತ್ತಿದ್ದೆ."

"ಬರಬ್ಯಾಡ್ರಿ ಅಂತ ಬರದಿದ್ನಲ್ಲ."

"ಬರದಿದ್ದಿ. ಓದಿದೆ. ಓದಿ ಬಂದೆ."

"ಪಾಳಿ ಬಿಟ್ಟು ಬಂದಿ. ಹೇಳಿದ ಮಾತು ಕೇಳಿದ್ರ ಇವತ್ತು ಈ ಹುಡುಗಿಗೆ ಸಾಕ್ಷಿ ಸಿಗ್ತಿತ್ತು."

"ನಿಮ್ಮಣ್ಣಗ ಹೆಗಲು ಕೊಡೋದೂ ಒಂದು ಪಾಳಿನ," ಎಂದ ಅಂಜಿನೇಯ. ಜಡೆಪ್ಪ ಫೋನು ಇಟ್ಟ.

"ಇರಲಿ ಬಿಡ್ರಿ ಕಾಕಾ," ಎಂದಳು ಗಾಯತ್ರಿ. "ನಲವತ್ತು ಸಾಕು. ಅದೊಂದು ಬಿಟ್ಟುಬಿಡ್ತೀನಿ." ಆ ಕಾರ್ಡನ್ನು ಬೇರೆ ಮಾಡಿ ಚೀಲದ ಹೊರಗಿನ ಜೇಬಿಗೆ ಹಾಕಿಕೊಂಡಳು.

ಅವಳು ಚಪ್ಪಲಿ ಮೆಟ್ಟುವಾಗ ನಾನು ಹೇಳಿದೆ.

"ಆ ಮಾತಿಗೂ ಮರುಮಾತು ಆಗೈತಿ. ನಾನ ಹೇಳೀನಿ."

ಆ ಹದಿಮೂರರ ಬೆಳಗಿನ ಜಾವ ಯಜಮಾನರು ಹೋದರು. ಏಳು ಗಂಟೆಗೆ ಜಡೆಪ್ಪ ಫೋನು ಹಿಡಿದು ಹೊರಸಿನ ಹತ್ತಿರ ಬಂದು ನಿಂತ. ದಿನಾ ನಿಲ್ಲುವ ಜಾಗ ಅದು. ಬರೆದದ್ದನ್ನು ಓದಿದ. ಓದಿ ಸುಮ್ಮನೆ ನಿಂತ. ಮರುಮಾತು ಬಾರದೆ ಹಾಕುವಂತಿಲ್ಲ, ಹೇಳುವವರು ಎದುರಿಗೆ ಮಲಗಿದ್ದಾರೆ. ಹೊರಗೆ ಹೆಂಗಸರು ಬರತೊಡಗಿದ್ದರು. ನಾನು ಯಜಮಾನರ ಕಾಲ ಹತ್ತಿರ ಕೂತಿದ್ದೆ. ಅವನು ಎಷ್ಟು ಹೊತ್ತು ನಿಲ್ಲುತ್ತಾನೋ ಅನ್ನಿಸಿತು. ಕೂತಲ್ಲಿಂದಲೇ ಹೇಳಿದೆ. "ಜಡೆಪ್ಪನಿಂದ, ಏಳಕ್ಕ. ಅಣ್ಣ ಹೋದ. ನೀರು ನಿನ್ನೆಯಷ್ಟೇ ಇದೆ. ಪಾಳಿ ಇದ್ದವರು ಹೊಲಕ್ಕೆ ಹೋಗಿ, ಮಣ್ಣಿಗೆ ಬರಬೇಡಿ. ಕೇಳಿದಾಕಿ ಸುಂಕಮ್ಮ." ಅವನು "ಸರಿ" ಅಂದ, ಒತ್ತಿದ. ಅವತ್ತಿನಿಂದ ಮನೆಯಲ್ಲಿ ಮರುಮಾತು ನನ್ನದೇ.

ಗಾಯತ್ರಿ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದಳು. ಕೊಟ್ರಯ್ಯ ಮೇಷ್ಟ್ರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವರು ಬಹಳ ಹೊತ್ತು ಕೇಳಿದರು.

"ನಲವತ್ತಕ್ಕ ಅಂಜಿನೇಯ ಅವರ ಪೋಸ್ಟಿನ ಲಿಂಕು ಹಾಕು," ಎಂದರು. "ಮೂಲ ಬರಹ ಬರೆದವ್ರ ಅಳಿಸ್ಯಾರ, ಇದು ಮರುಮಾತಿನಿಂದ ತಗೊಂಡಿದ್ದು ಅಂತ ಬಿಚ್ಚಿ ಬರಿ. ಮುಚ್ಚಬ್ಯಾಡ. ಇವತ್ತ ಅವೆಲ್ಲಾದ್ರ ಫೋಟೋ ತಗದು ಇಟ್ಕೊ, ನಾಳೆ ಅವ್ರೂ ಅಳಿಸಿದ್ರ ಏನು ಮಾಡ್ತಿ?"

"ಆ ಒಂದಕ್ಕ ಏನು ಮಾಡ್ಲಿ ಸರ್?"

"ಅದನ್ನ ಪೋಸ್ಟು ಅಂತ ಹಾಕಬ್ಯಾಡ. ಅದು ಈಗ ಇಲ್ಲ. ಕೇಳಿದವ್ರು ಅದಾರಲ್ಲ, ಅವ್ರ ಬಾಯಿಮಾತು ಅಂತ ಹಾಕು. ಹೆಸರು, ಊರು, ನಿನಗ ಹೇಳಿದ ದಿನ." ಆಮೇಲೆ ಕೇಳಿದರು. "ಅವ್ರು ಬರದು ಕೊಡ್ತಾರೇನು?"

ಕೊಡುತ್ತೇನೆ ಎಂದೆ. ಅವಳು ಗೆರೆ ಹಾಳೆ ಕೊಟ್ಟಳು. ಒಂದು ಸಲ ಬರೆದಾಗ "ಪಾಳಿ"ಯಲ್ಲಿ ದೀರ್ಘ ಬಿಟ್ಟುಹೋಯಿತು, ಇನ್ನೊಂದು ಹಾಳೆ ಕೇಳಿ ಮತ್ತೆ ಬರೆದೆ. ಐದು ಗಂಟೆಯ ಬಸ್ಸು ತಪ್ಪಿತು. ಜಡೆಪ್ಪ ಅವಳನ್ನು ಬಸ್ ಸ್ಟ್ಯಾಂಡಿನ ತನಕ ಬಿಟ್ಟು, ಆರರ ಬಸ್ಸಿಗೆ ಹತ್ತಿಸಿ ಬಂದ.

ಅವಳ ಬರಹದ ಪುಸ್ತಕ ಕಾರ್ತಿಕದಲ್ಲಿ ಬಂತು. ಇಟ್ಟಿಗೆಯಷ್ಟು ದಪ್ಪ, ಮೇಲೆ ಚಿನ್ನದ ಅಕ್ಷರ. ಗಾಯತ್ರಿಯೇ ತಂದಳು, ಜೊತೆಗೆ ಅರ್ಧ ಕಿಲೋ ಪೇಡೆ. ಪರೀಕ್ಷೆ ಮಾಡಿದವರು ಬಹಳ ಹೊತ್ತು ಕೇಳಿದ್ದು ಮರುಮಾತಿನ ಬಗ್ಗೆಯೇ ಅಂತೆ. ಅವಳನ್ನು ಯಾರೂ ಸುಳ್ಳಿ ಎನ್ನಲಿಲ್ಲ. ಅಂಜಿನೇಯನೂ ಬಂದಿದ್ದ. ತನ್ನ ಹೆಸರು ನಲವತ್ತು ಸಲ ಇದೆ ಎಂದು ಕೇಳಿ ಮೀಸೆ ತಿರುವಿದ.

"ನಿನ್ನದು ನಲವತ್ತೊಂದೇನೋ ಜಡೆಪ್ಪ? ಒಂದ ಹೆಚ್ಚಿಗಿ?"

"ಆ ಒಂದಕ್ಕೂ ನೀನ ಇರ್ತಿದ್ದಿ. ಹೇಳಿದ ಮಾತು ಕೇಳಂಗಿಲ್ಲ."

ಜಡೆಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದ. ಅವನಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚು ಇದ್ದಂತೆ ಕಂಡಿತು.

"ತಂಗಿ, ಇದನ್ನ ಒರೆಸಾಕ ಬರಂಗಿಲ್ಲ."

"ಬರಂಗಿಲ್ರಿ ಕಾಕಾ."

"ಯಾರರ ಇದನ್ನ ತಗದು ನೋಡಿ, ಕಾಲುವಿಗೆ ನೀರೈತಿ ಅಂದ್ಕೊಂಡು ಸಸಿ ಹಚ್ಚಿಬಿಟ್ರ?"

ಅಂಜಿನೇಯ ನಕ್ಕ. ಗಾಯತ್ರಿ ನಗಲಿಲ್ಲ. ಅವನ ಪಕ್ಕ ಕೂತು ಸಣ್ಣಕ್ಷರದ ಮೇಲೆ ಬೆರಳಿಟ್ಟಳು. "ಇಲ್ನೋಡ್ರಿ. ಎಲ್ಲಾದಕ್ಕೂ ತಾರೀಖು ಐತಿ."

ಅವನು ನಲವತ್ತೊಂದನ್ನೂ ನೋಡಿದ. ನಡುವೆ ಚಹಾ ಆರಿತು, ನಾನು ಮತ್ತೆ ಕಾಯಿಸಿದೆ. ಅಣ್ಣನ ಸಾಲಿನ ಹತ್ತಿರ ನಿಂತ. ಕೆಳಗೆ ನನ್ನ ಹೆಸರಿತ್ತು, ಊರಿತ್ತು, ನಾನು ಬರೆದುಕೊಟ್ಟ ದಿನ ಇತ್ತು. ಅದನ್ನು ಎರಡು ಸಲ ಓದಿದ.

"ತಾರೀಖು ಐತಿ," ಎಂದ. "ಹಂಗಾದ್ರ ಇರಲಿ."

ಪುಸ್ತಕವನ್ನು ಹೆಗಲ ಮೇಲಿನ ವಲ್ಲಿಯಿಂದ ಒರೆಸಿ ಅಣ್ಣನ ಹೊರಸಿನ ಮೇಲೆ ಇಟ್ಟ.

ಮರುದಿನ ಏಳಕ್ಕೆ ಎಂದಿನಂತೆ ಹೊರಸಿನ ಹತ್ತಿರ ನಿಂತು, "ಅತ್ಗಿ, ಕೇಳು," ಎಂದ. ಎರಡು ಅಂಕಿ ಹೇಳಿ ಸಾಲು ಓದಿದ. "ನೀರು ಮೊಣಕಾಲಿಗೆ ಬಂದಿದೆ. ಮನೆಗೆ ಪುಸ್ತಕ ಬಂದಿದೆ, ನೋಡುವವರು ಕೈ ತೊಳೆದುಕೊಂಡು ಬನ್ನಿ." ನಾನು ಮರುಮಾತು ಹೇಳಿದೆ. ಅವನು "ಸರಿ" ಅಂದ.

ಅದರ ಮರುದಿನ ಅದನ್ನು ಒರೆಸಿದ. ಅಂಜಿನೇಯನ ಮರುಮಾತು ಇನ್ನೂ ಇದೆ.